ಹುಣಸೆಮರದ ಗಿಟಾರು

ನನ್ನ ಗೆಳೆಯ ಮದುವೆ ಚಪ್ಪರದಲ್ಲಿ ಕೂತು ಇಸ್ತ್ರಿ ಮಾಡುತ್ತಾನೆ ಎಂದು ಮೊದಲು ಸುದ್ದಿಯಾದದ್ದು ಕೊರಟಗೆರೆಯಲ್ಲಿ. ಅವನು ನುಡಿಸುತ್ತಿದ್ದದ್ದು ಗಿಟಾರು. ಆದರೆ ಸುದ್ದಿ ಹಬ್ಬಿಸಿದವರನ್ನು ಪೂರ್ತಿ ದೂರುವಂತಿಲ್ಲ. ಅದು ಹವಾಯಿಯನ್ ಗಿಟಾರು, ಎದೆಗೆ ಆನಿಸಿಕೊಂಡು ನುಡಿಸುವಂಥದ್ದಲ್ಲ. ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಆಚೆಗೂ ಈಚೆಗೂ ಜಾರಿಸಬೇಕು. ದೂರದಿಂದ ನೋಡಿದರೆ ಪಂಚೆಯ ಅಂಚು ಒತ್ತುತ್ತಿರುವ ಹಾಗೆ ಕಾಣುತ್ತದೆ. ಹಾಗೆ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ. ಹಾಗೇ ಇದೆ ಎಂಬುದನ್ನು ಒಪ್ಪುವುದಿಲ್ಲ. ಇವೆರಡರ ನಡುವಿನ ವ್ಯತ್ಯಾಸಕ್ಕಾಗಿ ಆ ಬೇಸಿಗೆಯಿಡೀ ನಾನು ಜಗಳವಾಡಿದೆ.

ಆಗ ನಾನು ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ಮಾತಾಡಿ, ಮುಂದಿನ ವಾರ ವಿರೋಧವಾಗಿಯೂ ಮಾತಾಡಿ, ಎರಡಕ್ಕೂ ಬೆಳ್ಳಿಬಣ್ಣದ ಕಪ್ಪು ತಂದವನು. ಹುಲಿಕುಂಟೆ ಕಡೆಯ ನಮ್ಮೂರಿನಲ್ಲಿ ಅಪ್ಪ ಅದರಲ್ಲೊಂದಕ್ಕೆ ಬಿತ್ತನೆ ಅವರೆಕಾಳು ತುಂಬಿಟ್ಟಿದ್ದರು. ದೇವರು, ದೆವ್ವ, ಜಾತಕ, ಹಲ್ಲಿಯ ಶಕುನ, ಯಾವುದನ್ನೂ ಪುರಾವೆಯಿಲ್ಲದೆ ನಂಬುತ್ತಿರಲಿಲ್ಲ, ಈಗಲೂ ನಂಬುವುದಿಲ್ಲ. ನನ್ನ ವಾದಕ್ಕೆ ಒಮ್ಮೆಯೂ ಸೋಲದವನೆಂದರೆ ಸಿರಾದ ಹೈಸ್ಕೂಲಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಈ ಗೆಳೆಯ. ಯಾಕೆಂದರೆ ಅವನು ಉತ್ತರವನ್ನೇ ಕೊಡುತ್ತಿರಲಿಲ್ಲ. ನಾನು ಮಾತಾಡುವಷ್ಟು ಹೊತ್ತೂ ಬೆಂಚಿನ ಮೇಲೆ ಬೆರಳಲ್ಲಿ ತಾಳ ಹಾಕಿ, ಕೊನೆಗೆ "ಮುಗೀತೇನ್ಲಾ?" ಎನ್ನುತ್ತಿದ್ದ.

ಅವರದು ಸಿರಾ ಪೇಟೆಯಲ್ಲಿ ಹಾಸಿಗೆ ದಿಂಬು ಹೊಲಿಯುವ ಮನೆತನ. ಹತ್ತಿ ಹಿಂಜುವುದಕ್ಕೆ ಆಳೆತ್ತರದ ಬಿಲ್ಲು. ಅದರ ಬಿಗಿದ ಹುರಿಯನ್ನು ಮರದ ಗುಂಡಿನಿಂದ ಹೊಡೆದರೆ ಟೊಂಯ್ ಎಂದು ಬೀದಿ ಕೊನೆಯವರೆಗೂ ಕೇಳುತ್ತಿತ್ತು. ಆ ಟೊಂಯ್‌ನಿಂದಲೇ ಅವನಿಗೆ ಸಂಗೀತ ಬಂತು ಎಂದು ಈಗ ಬಹಳ ಜನ ಹೇಳುತ್ತಾರೆ. ನಾನು ನಂಬುವುದಿಲ್ಲ. ಅವನ ಅಣ್ಣನೂ ಅದೇ ಟೊಂಯ್ ಕೇಳಿ ಬೆಳೆದವನು. ಆ ಅಣ್ಣನಿಗೆ ಸೈಕಲ್ ಬೆಲ್ಲು ಕೂಡ ಸರಿಯಾಗಿ ಹೊಡೆಯಲು ಬರುವುದಿಲ್ಲ. ಗಿಟಾರು ಬಂದದ್ದು ಬೆಂಗಳೂರಿನ ದಂಡು ಪ್ರದೇಶದ ಹಳೇ ಸಾಮಾನಿನ ಅಂಗಡಿಯಿಂದ, ಎರಡು ತಂತಿ ಕಡಿಮೆಯಾಗಿ. ಅವನು ಅದನ್ನು ಹೇಗೆ ಕಲಿತ ಎಂದು ಕೇಳಿದರೆ, "ಅದ್ರ ಪಾಡಿಗೆ ಅದು ಬಂತು" ಎನ್ನುತ್ತಾನೆ. ಇದೊಂದು ಉತ್ತರವೇ?

ಅವನ ಸೋದರಮಾವ ಕ್ಲಾರಿಯೊನೆಟ್ ನುಡಿಸುವವರು. ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಅವರ ಹಳೇ ಬ್ಯಾಂಡ್‌ಸೆಟ್ಟಿನಲ್ಲಿ ವಯಸ್ಸಾದವರು ಒಬ್ಬೊಬ್ಬರಾಗಿ ಉಸಿರು ಸಾಲದೆ ಬಿಟ್ಟುಹೋದ ಮೇಲೆ, ಆ ವರ್ಷ ಅವರು ಹೊಸ ಬ್ಯಾಂಡು ಕಟ್ಟಿದರು. ದೊಡ್ಡ ಡ್ರಮ್ಮಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿದ ಹೆಸರಿನಲ್ಲಿ 'ನ್ಯೂ' ಎಂಬ ಪದವಿತ್ತು. ಹೊಸದು ಅಂದರೆ ಅಷ್ಟೇ ಎಂದು ನಾನು ಕಿಚಾಯಿಸಿದ್ದೆ. ಆದರೆ ನಿಜವಾದ ಹೊಸತು ಇದ್ದದ್ದು ಗಿಟಾರಿನಲ್ಲಿ. ಅದರ ದನಿ ಸಣ್ಣದು, ಡ್ರಮ್ಮಿನ ಮುಂದೆ ಕೇಳುವುದಿಲ್ಲ. ಅದಕ್ಕೆ ಸಿರಾದ ಒಬ್ಬ ಮೈಕ್‌ಸೆಟ್ಟಿನವನನ್ನು ಸೇರಿಸಿಕೊಂಡರು. ಬ್ಯಾಟರಿ, ಗಿಟಾರಿನಿಂದ ಹೊರಟ ವೈರು, ಆ ವೈರಿನ ಇನ್ನೊಂದು ತುದಿಗೆ ಮರದ ಕೊಂಬೆಗೆ ಕಟ್ಟಿದ, ತುತ್ತೂರಿಯಾಕಾರದ ಹಾರನ್ನು. ಮೆರವಣಿಗೆಯಲ್ಲಾದರೆ ಇಷ್ಟೂ ಎತ್ತಿನ ಗಾಡಿ ಏರುತ್ತಿತ್ತು. ರಜೆಯಲ್ಲಿ ಬಂದಿದ್ದ ನನಗೆ ಮೈಕಿನಲ್ಲಿ ಮಾತಾಡುವ ಕೆಲಸ ಕೊಟ್ಟರು. "ಹೆಂಗಿದ್ರೂ ಸುಮ್ನಿರಲ್ಲ, ಮೈಕಲ್ಲೇ ಮಾತಾಡ್ಲಿ" ಎಂದಿದ್ದರಂತೆ ಉಸ್ತಾದ್.

ಮೈಕ್‌ಸೆಟ್ಟಿನವನ ಹತ್ತಿರ ಹಾಡಿನ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಯೂ ಇತ್ತು. ಬ್ಯಾಂಡು ನಿಂತಾಗ ಪ್ಲೇಟು, ಪ್ಲೇಟು ನಿಂತಾಗ ಬ್ಯಾಂಡು ಎಂಬುದು ಒಪ್ಪಂದ. ಆ ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಪ್ಲೇಟಿತ್ತು, ಅದೇ ಆಗಿನ ರಾಕ್ ಅಂಡ್ ರೋಲು. ಹಾಕಿದರೆ ಪಡ್ಡೆ ಹುಡುಗರು ನಿಂತಲ್ಲೇ ಮೊಣಕಾಲು ಅಲ್ಲಾಡಿಸುತ್ತಿದ್ದರು. ನನ್ನ ಗೆಳೆಯ ಅದನ್ನು ಕೇಳಿ ಕೇಳಿ, ಗಿಟಾರಿನ ಭಾಗವನ್ನು ಹಾಗೇ ಎತ್ತಿಕೊಂಡಿದ್ದ. ಹಾಗೇ ಎಂದರೆ ಹಾಗೇ. ಕಣ್ಣು ಮುಚ್ಚಿದರೆ ಯಾವುದು ಪ್ಲೇಟು, ಯಾವುದು ಅವನು ಎಂದು ನನಗೂ ತಿಳಿಯುತ್ತಿರಲಿಲ್ಲ.

ಎಡವಟ್ಟಾದದ್ದೂ ಅಲ್ಲೇ. ಕೊರಟಗೆರೆಯಲ್ಲಿ ಅವನು ಆ ಟ್ಯೂನನ್ನು ಬೆವರು ಸುರಿಸಿ ನುಡಿಸಿ ಮುಗಿಸಿದಾಗ, ಹೆಣ್ಣಿನ ಕಡೆಯ ಹಿರಿಯರೊಬ್ಬರು ಬಂದು ಮೈಕ್‌ಸೆಟ್ಟಿನವನ ಬೆನ್ನು ತಟ್ಟಿದರು.

"ಒಳ್ಳೇ ಪ್ಲೇಟು ತಂದಿದ್ದೀಯ ಕಣಪ್ಪ. ಇನ್ನೊಂದ್ಸಲ ಹಾಕು."

ಅವರ ತಪ್ಪೇನು? ಆವರೆಗೆ ಆ ಹಾರನ್ನಿನಿಂದ ಪ್ಲೇಟಿನ ಹಾಡಲ್ಲದೆ ಬೇರೇನೂ ಬಂದದ್ದನ್ನು ಅವರು ಕೇಳಿರಲಿಲ್ಲ. ದನಿ ಬರುತ್ತಿದ್ದದ್ದು ಮರದ ಮೇಲಿನಿಂದ, ಹುಡುಗ ಕೂತಿದ್ದದ್ದು ಚಪ್ಪರದ ಮೂಲೆಯಲ್ಲಿ. ಮೇಲಾಗಿ ಬಿಸಿಲಿಗೆ ಪ್ಲೇಟು ಸೊಟ್ಟಗಾಗುತ್ತದೆಂದು ಮೈಕ್‌ಸೆಟ್ಟಿನವನು ಪ್ಲೇಟು ತಿರುಗಿಸುವ ಪೆಟ್ಟಿಗೆಯ ಮೇಲೆ ಯಾವಾಗಲೂ ಒಂದು ಟವೆಲ್ಲು ಹೊದಿಸಿರುತ್ತಿದ್ದ. ಟವೆಲ್ಲಿನ ಕೆಳಗೆ ಪ್ಲೇಟು ತಿರುಗುತ್ತಿದೆ, ಹುಡುಗ ಸುಮ್ಮನೆ ಕೈಯಾಡಿಸುತ್ತಿದ್ದಾನೆ. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಇಸ್ತ್ರಿ ಎಂಬ ಮಾತು ಅಲ್ಲಿಂದ ಹೊರಟು, ನಾವು ಬಸ್ಸಿಳಿಯುವ ಮೊದಲೇ ಸಿರಾ ಮುಟ್ಟಿತ್ತು.

ಸಿರಾದ ಮದುವೆಯಲ್ಲಂತೂ ಒಬ್ಬ ಹುಡುಗ ತನ್ನ ಅಂಗಿ ಬಿಚ್ಚಿ ತಂದು, "ಅಣ್ಣಾ, ಇದ್ನೂ ಒಂದು ಒತ್ಕೊಡು" ಅಂದ. ಎಲ್ಲರೂ ನಕ್ಕರು, ಗೆಳೆಯನೂ ನಕ್ಕ. ಆಮೇಲೆ ಊಟಕ್ಕೆ ಏಳಲಿಲ್ಲ.

ಅವನ ಅಬ್ಬಾ ಹೆಚ್ಚು ಮಾತಿನವರಲ್ಲ. ಅಂದು ಸಂಜೆ ಅಂಗಡಿಯ ಜಗುಲಿಯಲ್ಲಿ ಹತ್ತಿಯ ದೂಳು ಕೊಡವಿಕೊಳ್ಳುತ್ತ ಇಷ್ಟು ಹೇಳಿದರು: "ನೋಡು ಬೇಟಾ, ಗೋಡೇಲಿ ಗೂಟ ಇರೋದು ಒಂದೇ. ಬೇಸ್ಗೆ ಮುಗುದ್ಮೇಲೆ ಅದ್ರಲ್ಲಿ ಬಿಲ್ಲು ತೂಗಾಕ್ತೀಯೋ, ಗಿಟಾರ್ ತೂಗಾಕ್ತೀಯೋ ಹೇಳ್ಬುಡು."

ಉಸ್ತಾದರದು ಇನ್ನೂ ಹತ್ತಿರದ ಗಡುವು. "ಮಧುಗಿರಿ ಮದುವೇಲೂ ಪ್ಲೇಟು ಅಂದ್ರೆ, ಗಿಟಾರ್ ಎತ್ತಿಟ್ಟು ಗಿಲಕಿ ಅಲ್ಲಾಡ್ಸು. ನಾನು ಮೂವತ್ತು ವರ್ಷ ಊದಿದ್ದೀನಿ. ನನ್ ಕ್ಲಾರಿಯೊನೆಟ್ಟೂ ಪ್ಲೇಟಾ ಅಂತ ಕೇಳವ್ರೆ ಕಣೋ ನಿನ್ನಿಂದ."

ಗೆಳೆಯ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದ. ದಾರಿಯುದ್ದಕ್ಕೂ ಬೆರಳಲ್ಲಿ ತಾಳ ಹಾಕಲಿಲ್ಲ. "ನನ್ಗೆ ಗಿಲಕಿ ಬ್ಯಾಡ ಕಣ್ಲಾ," ಎಂದಷ್ಟೇ ಅಂದ. ಅವನು ನನ್ನ ಹತ್ತಿರ ಏನಾದರೂ ಕೇಳಿಕೊಂಡದ್ದು ಅದೇ ಮೊದಲು. ಕೇಳಿಕೊಂಡದ್ದು ಎಂದು ನಾನು ಅರ್ಥ ಮಾಡಿಕೊಂಡೆ. ಪುರಾವೆಯ ಹೊಣೆ ನನ್ನದು ಎಂದು ಅವನಿಗೆ ಮಾತು ಕೊಟ್ಟೆ.

ಮಧುಗಿರಿಯಿಂದ ಒಂದಿಷ್ಟು ಒಳಗಿನ ಹಳ್ಳಿ ಅದು. ಬಯಲಿನಲ್ಲಿ ದೊಡ್ಡ ಹುಣಸೆಮರ, ಅದಕ್ಕೆ ತಾಗಿ ಚಪ್ಪರ, ಕೊಂಬೆಯಲ್ಲಿ ನಮ್ಮ ಹಾರನ್ನು. ಬೆಳಗ್ಗೆ ಧಾರೆ ಮುಗಿದು, ಊಟವೂ ಮುಗಿದು, ಜನ ಎಲೆ ಅಡಿಕೆ ಹಾಕಿಕೊಂಡು ನೆರಳಿಗೆ ಕೂತಿದ್ದ ಹೊತ್ತು. ಸಂಜೆ ಮೆರವಣಿಗೆ. ಗೆಳೆಯ ಇಂಗ್ಲಿಷ್ ಟ್ಯೂನು ಶುರು ಮಾಡಿದ. ಹುಡುಗರ ಮೊಣಕಾಲು ಅಲ್ಲಾಡಿತು. ಮುಗಿಯುತ್ತಲೇ ಗಂಡಿನ ದೊಡ್ಡಪ್ಪ ಎದ್ದುಬಂದರು. ಅವರ ಮೀಸೆಯನ್ನು ಇಲ್ಲಿ ಹೇಳಲೇಬೇಕು. ಅದು ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು.

"ಲೇ ತಮ್ಮಾ, ಪ್ಲೇಟ್ ಹಾಕೋಕೆ ಇಷ್ಟ್ ಜನ ಯಾಕ್ರೋ? ಸಂಜೀಕೆ ಮೆರವಣಿಗೆಗೆ ನಮ್ಮೂರ ವಾಲಗದೋರ್ನೇ ಕರ್ಸ್ತೀನಿ. ಅವ್ರು ಊದಿದ್ರೆ ಕೆನ್ನೆಯಾದ್ರೂ ಉಬ್ತೈತೆ."

ಉಸ್ತಾದ್ ನನ್ನ ಗೆಳೆಯನ ಕಡೆ ನೋಡಿದರು. ಗೆಳೆಯ ಗಿಟಾರಿನ ಕಡೆ ನೋಡಿದ. ನಾನು ಮೈಕು ಹಿಡಿದೆ.

"ಯಜಮಾನ್ರೇ, ಇದು ಪ್ಲೇಟಲ್ಲ. ತೋರಿಸ್ತೀನಿ ಬನ್ನಿ" ಎಂದು ಟವೆಲ್ಲನ್ನು ಎತ್ತಿಬಿಟ್ಟೆ. ಅದರ ಕೆಳಗೆ ಅದೇ ಇಂಗ್ಲಿಷ್ ಪ್ಲೇಟು ಕೂತಿತ್ತು. ಬೆಳಗ್ಗೆ ಹಾಕಿದವನು ತೆಗೆದಿರಲಿಲ್ಲ. ಮುಳ್ಳು ಕೂಡ ಅದರ ಮೇಲೇ ಇತ್ತು.

"ಅಕಳಪ್ಪ, ನೋಡ್ಕಳಿ" ಎಂದರು ದೊಡ್ಡಪ್ಪ, ಸಭೆಯ ಕಡೆ ತಿರುಗಿ.

"ಆದರೆ ತಿರುಗ್ತಾ ಇಲ್ಲವಲ್ಲ" ಎಂದೆ.

"ನೀನು ಎತ್ತೋಕ್ ಮುಂಚೆ ನಿಲ್ಸವ್ನೆ."

ನಾನು ಎರಡನೇ ಪುರಾವೆಗೆ ಹೋದೆ. ಗೆಳೆಯನಿಗೆ ನುಡಿಸಲು ಹೇಳಿ, ನಡುವೆ ಗಿಟಾರಿನ ವೈರು ಕಿತ್ತೆ. ಮರ ಸುಮ್ಮನಾಯಿತು. "ನೋಡಿದಿರಾ?"

"ನೋಡ್ದೆ. ವೈರ್ ಕಿತ್ರೆ ಪ್ಲೇಟೂ ನಿಲ್ತೈತೆ. ಕರೆಂಟ್ ಇಲ್ದೆ ಅದೆಂಗ್ ತಿರುಗ್ತದೆ?"

ಅದು ಆ ವೈರಲ್ಲ, ಬೇರೆ ವೈರು ಎಂದು ವಿವರಿಸಲು ಹೊರಟೆ. ಮೊದಲನೆಯದಾಗಿ ಎಂದೆ, ಎರಡನೆಯದಾಗಿ ಎಂದೆ. ಕಾಲೇಜಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ತೀರ್ಪುಗಾರರು ತಲೆದೂಗುತ್ತಿದ್ದರು. ಇಲ್ಲಿ ಮುದುಕರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕೈಯಲ್ಲಿದ್ದ ಮೈಕಿನೊಳಗೇ ಬಂದು ಮರದ ಮೇಲಿನಿಂದ ಎಲ್ಲರಿಗೂ ಕೇಳಿಸಿತು: "ಇಷ್ಟು ಮಾತಾಡ್ತಾವ್ನೆ ಅಂದ್ರೆ ಏನೋ ಐತೆ ಕಣ್ಲಾ."

ಚಪ್ಪರವೆಲ್ಲ ನಕ್ಕಿತು. ನನ್ನ ವಾದ ಗಟ್ಟಿಯಾದಷ್ಟೂ ಗೆಳೆಯ ಕಳ್ಳನಾಗುತ್ತಿದ್ದ. ಉಸ್ತಾದ್ ಚೀಲದಿಂದ ಗಿಲಕಿ ತೆಗೆದು ಪಕ್ಕಕ್ಕಿಟ್ಟಿದ್ದು ಕಂಡಿತು. ಬೇರೇನೂ ತೋಚದೆ ಕೇಳಿದೆ: "ಸರಿ, ಪ್ಲೇಟೇ ಆಗದ ಒಂದು ಹಾಡು ಹೇಳಿ. ಅದನ್ನ ನುಡಿಸ್ತಾನೆ. ಆಗ ಒಪ್ತೀರಾ?"

"ಎಲ್ಲಾ ಹಾಡೂ ಪ್ಲೇಟಾಗೈತೆ. ದೇವ್ರುದೂ ಆಗೈತೆ, ಡ್ರಾಮಾದೂ ಆಗೈತೆ" ಎಂದರು ದೊಡ್ಡಪ್ಪ ಮೀಸೆ ತಿರುವುತ್ತ.

"ನಂದು ಆಗಿಲ್ಲ."

ಹೆಣ್ಣಿನ ಅಜ್ಜಿ. ಹೆಂಗಸರ ನಡುವೆ ಕಾಲು ಚಾಚಿ ಕೂತು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಇಷ್ಟು ಹೊತ್ತು ನೋಡುತ್ತಿದ್ದವರು. ನಮ್ಮ ಕಡೆ ಮದುವೆಗಳಲ್ಲಿ ಹೆಣ್ಣಿನ ಕಡೆಯ ಹೆಂಗಸರು ಬೀಗರನ್ನು ಆಡಿಕೊಂಡು ಹಾಡುತ್ತಾರೆ, ಗಂಡಿನ ಕಡೆಯವರೂ ಬಿಡುವುದಿಲ್ಲ. ಯಾರು ಎಷ್ಟು ಆಡಿಕೊಂಡರೂ ಬೀಗರು ಸಿಟ್ಟಾಗುವಂತಿಲ್ಲ. ಸಿಟ್ಟಾದವರಿಗೆ ಅವಮಾನ, ಹಾಡಿದವರಿಗಲ್ಲ. ಆ ಹಾಡಿಗೆ ಪದ ಮೊದಲೇ ಇರುವುದಿಲ್ಲ. ಎದುರಿಗೆ ಯಾವ ಬೀಗರು ಸಿಕ್ಕರೋ ಅವರ ಮೇಲೆ ಆಗಲೇ ಕಟ್ಟುವುದು.

"ಏ ಇಸ್ತ್ರಿ ಹುಡ್ಗಾ, ಕೇಳುಸ್ಕೋ" ಎಂದು ಅಜ್ಜಿ ಎಲೆ ಅಡಿಕೆ ಉಗಿದು, ಗಂಟಲು ಸರಿಮಾಡಿಕೊಂಡು, ದೊಡ್ಡಪ್ಪನನ್ನೇ ನೋಡುತ್ತ ಎತ್ತಿದರು:

"ಮೀಸೆ ತಿರುವೋ ಬೀಗುನ್ನ ನೋಡೆ, ಮೀಸೇಲಿ ಗುಬ್ಬಿ ಗೂಡ್ನ ನೋಡೆ..."

ದನಿ ಮುದಿಯಾಗಿ ನಡುಗುತ್ತಿತ್ತು. ಒಂದು ಕಡೆ ಉಸಿರು ಕಟ್ಟಿ ನಿಂತರು, ಕೆಮ್ಮಿದರು, ಮತ್ತೆ ಹಿಡಿದರು. ಮುಗಿಸಿದ ಮೇಲೆ ಚಪ್ಪರವೆಲ್ಲ ಗೆಳೆಯನ ಕಡೆ ತಿರುಗಿತು. ಗೆಳೆಯ ಉಕ್ಕಿನ ತುಂಡನ್ನು ಅಂಗಿಗೆ ಒರೆಸಿ ತಂತಿಯ ಮೇಲಿಟ್ಟ.

ಹುಣಸೆಮರದಿಂದ ಅಜ್ಜಿಯೇ ಹಾಡಿದ ಹಾಗಾಯಿತು. ಪದವಿಲ್ಲ, ಆದರೆ ಅದೇ ನಡುಕ, ಅದೇ ಎಳೆತ. ಉಸಿರು ಕಟ್ಟಿದ ಕಡೆ ಅವನೂ ನಿಂತ. ಕೆಮ್ಮಿನ ಜಾಗಕ್ಕೆ ದಪ್ಪ ತಂತಿಯ ಮೇಲೆ ಎರಡು ಸಲ ಗೊರಕ್ ಗೊರಕ್ ಎನಿಸಿದ. ಪದ ಎಲ್ಲರ ಕಿವಿಯಲ್ಲೂ ಇನ್ನೂ ಬೆಚ್ಚಗಿತ್ತು. ಹಾಗಾಗಿ ಮೀಸೆಯೂ ಗುಬ್ಬಿಯ ಗೂಡೂ ಇನ್ನೊಮ್ಮೆ ಇಡೀ ಬಯಲಿಗೆ ಕೇಳಿದ ಹಾಗೇ ಆಯಿತು. ನಗು ಎಷ್ಟು ಜೋರಾಗಿತ್ತೆಂದರೆ ಮರದಲ್ಲಿದ್ದ ಕಾಗೆಗಳು ಎದ್ದವು.

ಅಜ್ಜಿ ಮಾತ್ರ ನಗಲಿಲ್ಲ. "ನನ್ ಕೆಮ್ಮು ಅಣಕುಸ್ತೀಯೇನ್ಲಾ?"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಬೀಗರಿಗೆ ಸಿಟ್ಟು ಬರಬಾರದೆಂಬ ಕಟ್ಟಳೆಯಿದೆ, ಅಜ್ಜಿಗೆ ಬರಬಾರದೆಂಬ ಕಟ್ಟಳೆಯಿಲ್ಲ. ಗೆಳೆಯ ತಲೆ ಎತ್ತದೆ, "ಇಲ್ಲ ಕಣಜ್ಜಿ. ನೀವು ಎಲ್ಲೆಲ್ಲಿ ಹೋದ್ರೋ ನಾನೂ ಹಿಂದೇನೇ ಬಂದೆ" ಅಂದ.

ಅಜ್ಜಿ ಅವನನ್ನು ಒಂದು ಗಳಿಗೆ ನೋಡಿದರು. "ಅಂಗಾದ್ರೆ ಇದುಕ್ಕೂ ಬಾ ನೋಡಾನ" ಎಂದು ಇನ್ನೊಂದು ಸಾಲು ಕಟ್ಟಿದರು, ಬೇಕೆಂದೇ ಮೂರು ಕಡೆ ಸೊಟ್ಟ ತಿರುವು ಹಾಕಿ:

"ಪಾಯಸ ಕುಡಿದ ಬೀಗುನ್ನ ನೋಡೆ, ಗುಬ್ಬಿಗೂ ಒಂದು ಪಾಲ್ನ ನೋಡೆ..."

ಗೆಳೆಯ ಮೂರೂ ತಿರುವಿನಲ್ಲಿ ಅವರ ಹಿಂದೆಯೇ ಹೋದ. ನಾಲ್ಕನೆಯದನ್ನು ತಾನೇ ಸೇರಿಸಿ ಸುಮ್ಮನಾದ. ಅಜ್ಜಿಯ ಬಾಯಿ ಸಣ್ಣಗೆ ಬಿರಿಯಿತು.

ನನ್ನ ಹೊತ್ತು ಬಂತು ಎಂದು ಮತ್ತೆ ಮೈಕು ಹಿಡಿದೆ. "ಯಜಮಾನ್ರೇ, ಈಗ ಎರಡೇ ದಾರಿ. ಒಂದೋ ಇದು ಪ್ಲೇಟಲ್ಲ. ಇಲ್ಲಾ ಅಂದ್ರೆ ನಿಮ್ಮ ಮೀಸೆ ಮೇಲೆ ಬೆಂಗಳೂರಲ್ಲಿ ಯಾರೋ ಆಗಲೇ ಪ್ಲೇಟು ಮಾಡಿದ್ದಾರೆ. ಯಾವುದು ಅಂತ ನೀವೇ ಹೇಳಿ."

ನನ್ನ ಜೀವಮಾನದಲ್ಲಿ ಅಷ್ಟು ಬಿಗಿಯಾದ ತರ್ಕವನ್ನು ನಾನು ಇನ್ನೆಲ್ಲೂ ಕಟ್ಟಿಲ್ಲ. ಯಾವ ಕಡೆ ಹೋದರೂ ಅವರು ಸಿಕ್ಕಿಬೀಳಬೇಕು. ದೊಡ್ಡಪ್ಪ ಸಾವಧಾನವಾಗಿ ಮೀಸೆಯ ಎರಡೂ ತುದಿ ಮುಟ್ಟಿ ನೋಡಿಕೊಂಡರು.

"ಮಾಡಿದ್ರೂ ಮಾಡಿರ್ತಾರೆ ಕಣ್ಲಾ. ನನ್ ಮೀಸೆ ಏನ್ ಕಮ್ಮೀನಾ?"

ಈ ಸಲ ನಾನೂ ನಕ್ಕೆ. ನಗದೆ ಏನು ಮಾಡಲಿ? ದೊಡ್ಡಪ್ಪ ನನ್ನನ್ನು ಅಲ್ಲೇ ಬಿಟ್ಟು ತಮ್ಮ ಕಡೆಯ ಹೆಂಗಸರತ್ತ ತಿರುಗಿ, "ಏನ್ರಮ್ಮಾ, ಬಾಯಾಗೆ ಏನು ಕಡುಬು ಇಟ್ಕಂಡಿದ್ದೀರಾ? ಆ ಮುದ್ಕಿ ನನ್ ಮಾನ ಮರುಕ್ಕೆ ತೂಗಾಕವ್ಳೆ. ನೀವೂ ಹೇಳ್ರೇ. ಈ ಹುಡ್ಗ ನಿಮ್ದೂ ನುಡಿಸ್ತಾನೆ" ಎಂದರು. ಒಪ್ಪಿದ್ದೇನೆ ಎಂದು ಅವರು ಕೊನೆಗೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಪ್ಲೇಟಿಗೆ ಯಾರಾದರೂ ಹಾಗೆ ಕೆಲಸ ಹೇಳುತ್ತಾರೆಯೇ?

ಗಂಡಿನ ಕಡೆಯವರು ಅಜ್ಜಿಯ ಬೊಚ್ಚುಬಾಯಿಯ ಮೇಲೆ ಕಟ್ಟಿದರು. ಅಜ್ಜಿಯ ಕಡೆಯವರು ಮದುಮಗನ ನಡಿಗೆಯ ಮೇಲೆ ಕಟ್ಟಿದರು. ಗೆಳೆಯ ಎರಡೂ ಕಡೆಯ ಬೈಗುಳವನ್ನು ಭೇದವಿಲ್ಲದೆ ಮರಕ್ಕೆ ಏರಿಸಿದ. ಸ್ವಲ್ಪ ಹೊತ್ತಿಗೆ ಡ್ರಮ್ಮಿನವನು ತಡೆಯಲಾರದೆ ಇಂಗ್ಲಿಷ್ ಪ್ಲೇಟಿನ ತಾಳವನ್ನೇ ಅದಕ್ಕೆ ಹಾಕಿದ. ಬೀಗರ ಹಾಡು ಆ ತಾಳದ ಮೇಲೆ ಕೂತ ಗಳಿಗೆಯಲ್ಲಿ ಹುಡುಗರ ಜೊತೆ ಮುದುಕರ ಮೊಣಕಾಲೂ ಅಲ್ಲಾಡಿತು. ಉಸ್ತಾದ್ ಕ್ಲಾರಿಯೊನೆಟ್ ಎತ್ತಿಕೊಂಡರು. ಗಿಲಕಿಯನ್ನು ನನ್ನ ಕೈಗೆ ಕೊಟ್ಟು, "ನೀನು ಮಾತಾಡಿದ್ದು ಸಾಕು, ಇದ್ನ ಅಲ್ಲಾಡ್ಸು" ಎಂದರು. ಸಂಜೆ ಮೆರವಣಿಗೆಯಲ್ಲಿ ಎತ್ತಿನ ಗಾಡಿಯ ಮೇಲೆ ಗೆಳೆಯನ ಪಕ್ಕ ಕೂತು ಊರು ಸುತ್ತುವವರೆಗೂ ನಾನೇ ಅಲ್ಲಾಡಿಸಿದೆ. ದೊಡ್ಡಪ್ಪ ಗಾಡಿಯ ಮುಂದೆ ಮೀಸೆ ತಿರುವುತ್ತ ನಡೆದರು. ಪ್ರತಿ ಮನೆಯ ಮುಂದೂ ನಿಲ್ಲಿಸಿ, "ನಂದು ನುಡ್ಸು" ಎನ್ನುತ್ತಿದ್ದರು.

ಅಲ್ಲಿಂದ ಮುಂದಿನದು ವೇಗವಾಗಿ ಆಯಿತು. ಮಧುಗಿರಿ ಸುತ್ತಿನ ಮದುವೆಗಳಿಗೆ "ಬೀಗರ ಹಾಡಿನ ಗಿಟಾರು ಬೇಕು" ಎಂದು ಸಿರಾದ ಹಾಸಿಗೆ ಅಂಗಡಿಗೇ ಜನ ಬರತೊಡಗಿದರು. ಕೊರಟಗೆರೆಯ ಆ ಹಿರಿಯರೂ ತಮ್ಮ ಇನ್ನೊಬ್ಬ ಮಗಳ ಮದುವೆಗೆ ಕರೆಸಿಕೊಂಡು, ಗಿಟಾರನ್ನು ಮುಟ್ಟಿ ಮುಟ್ಟಿ ನೋಡಿದರು. ಗೆಳೆಯನ ಕೂದಲು ಸ್ವಲ್ಪ ಉದ್ದವಾಯಿತು, ಅಂಗಿಯ ಕಾಲರು ಸ್ವಲ್ಪ ಅಗಲವಾಯಿತು. ಅವನು ಹೆಸರು ಮಾಡಬೇಕೆಂದುಕೊಂಡದ್ದು ಇಂಗ್ಲಿಷ್ ಟ್ಯೂನಿನಲ್ಲಿ, ಹೆಸರು ಬಂದದ್ದು ಅಜ್ಜಿಯರ ಬೈಗುಳದಲ್ಲಿ. ಬೇಸರವಿಲ್ಲವೇ ಎಂದು ಚುಚ್ಚಿದೆ. "ಪ್ಲೇಟ್‌ನಲ್ಲಿರೋದ್ನ ಪ್ಲೇಟೇ ನುಡಿಸ್ತೈತಲ್ಲ" ಅಂದ. ನಾನು ಎದುರುವಾದ ಹೂಡಿದ್ದರೂ ಅವನು ಕೇಳುತ್ತಿರಲಿಲ್ಲ.

ಬೇಸಿಗೆಯ ಕೊನೆಯ ಮದುವೆ ಪಾವಗಡದಲ್ಲಿ. ಅಲ್ಲಿ ಹೆಂಗಸರು ತೆಲುಗಿನಲ್ಲಿ ಆಡಿಕೊಂಡರು. ಗೆಳೆಯನಿಗೆ ಒಂದು ಪದವೂ ತಿಳಿಯಲಿಲ್ಲ, ನುಡಿಸಿದ್ದರಲ್ಲಿ ಒಂದು ಎಳೆಯೂ ತಪ್ಪಲಿಲ್ಲ. ಮಾರನೇ ಬೆಳಗ್ಗೆ ಬಸ್ಸಿಗೆ ಮುಂಚೆ ನಾವಿಬ್ಬರೂ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಕೂತಿದ್ದಾಗ, ಗಲ್ಲಾದ ಮೇಲಿನ ರೇಡಿಯೋದಲ್ಲಿ ಯಾರೋ ಗಿಟಾರು ನುಡಿಸಿದರು. ಪಕ್ಕದ ಮೇಜಿನವರು ಕೈ ತೊಳೆಯುವುದನ್ನೂ ಬಿಟ್ಟು ನಿಂತರು.

"ಏಯ್, ಇದು ನಮ್ ಸಿರಾ ಗಿಟಾರ್ ಅಬ್ಬಾಯಿ ಕದಾ?" ಗಿಟಾರ್ ಹುಡುಗ ಅಲ್ಲವೇ ಎಂದು ತೆಲುಗು ಬೆರೆಸಿ ಕೇಳಿದರು.

"ಅವ್ರಲ್ಲ" ಎಂದೆ. "ಅವರು ಇಲ್ಲೇ ಕೂತಿದ್ದಾರೆ. ದೋಸೆ ತಿನ್ನುತ್ತಾ ಇದ್ದಾರೆ. ಇಲ್ಲಿರೋರು ರೇಡಿಯೋದಲ್ಲಿ ಹೇಗೆ ನುಡಿಸ್ತಾರೆ?"

ಅವರು ಗೆಳೆಯನನ್ನು ನೋಡಿದರು, ಕೈ ಮುಗಿದರು, ಆಮೇಲೆ ನನ್ನ ಕಡೆ ಕನಿಕರದಿಂದ ತಿರುಗಿದರು. "ಅದು ಪ್ಲೇಟು ಕಣಪ್ಪ. ಇವರ್ದೇ ಪ್ಲೇಟು. ಓದಿದೋನಂಗೆ ಕಾಣ್ತೀಯ, ಅಷ್ಟೂ ತಿಳೀದಾ?"

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಗೆಳೆಯ ನನ್ನ ಕಾಲು ತುಳಿದ.

ಸಿರಾ ಸೇರುವಷ್ಟರಲ್ಲಿ ಆ ಸುದ್ದಿಯೂ ನಮಗಿಂತ ಮುಂದಿತ್ತು. ಅಂಗಡಿಯಲ್ಲಿ ಅಬ್ಬಾ ದಿಂಬಿನ ಬಾಯಿ ಹೊಲಿಯುತ್ತಿದ್ದರು. ಗೋಡೆಯ ಗೂಟದಲ್ಲಿ ಬಿಲ್ಲು ಇತ್ತು. ಗೆಳೆಯ ಗಿಟಾರನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತ.

"ರೇಡಿಯೋದಾಗೆ ಬಂದಿದ್ಯಂತೆ" ಎಂದರು ಅಬ್ಬಾ, ಸೂಜಿಯಿಂದ ಕಣ್ಣು ತೆಗೆಯದೆ.

ಹೌದು ಅಂದಿದ್ದರೆ ಗೂಟ ಅಲ್ಲಿಗೇ ಗಿಟಾರಿನದಾಗುತ್ತಿತ್ತು. ಗೆಳೆಯ "ಅದು ನಾನಲ್ಲ ಅಬ್ಬಾ" ಅಂದ.

"ನಾನೂ ಅದೇ ಹೇಳ್ದೆ, ನನ್ ಮಗ ಅಲ್ಲ ಅಂತ. ಯಾರೂ ನಂಬ್ಲಿಲ್ಲ. ರೇಡಿಯೋದೋನ ಮನೆ ಹಾಸ್ಗೆನೇ ಬೇಕು ಅಂತ ಮದುವೆ ಮನೆಯೋರು ಬೆಳಿಗ್ಗೆಯಿಂದ ಬತ್ತಾನೇ ಅವ್ರೆ." ದಾರವನ್ನು ಹಲ್ಲಿನಲ್ಲಿ ಕಡಿದರು. ಎದ್ದುಹೋಗಿ ಬಿಲ್ಲನ್ನು ಗೂಟದಿಂದ ತೆಗೆದು, ಕೆಳಗೆ ಹತ್ತಿಯ ರಾಶಿಯ ಪಕ್ಕ ಒರಗಿಸಿದರು. "ಕೆಲಸ ಇಷ್ಟಿರುವಾಗ ಇದು ಗೋಡೆ ಮೇಲೆ ಯಾಕೆ? ನಿಂದು ತೂಗಾಕು. ಮಳೆಗಾಲದಾಗೆ ಮದುವೆ ಇಲ್ದಾಗ ಬಂದು ನಂಜೊತೆ ಕೂತ್ಕೊ."

ಗೆಳೆಯ ಗಿಟಾರನ್ನು ಗೂಟಕ್ಕೆ ಹಾಕಿದ. ಪಟ್ಟಿ ಸರಿಯಾಗಿ ಕೂತಿತೇ ಎಂದು ಎರಡೆರಡು ಸಲ ಎಳೆದು ನೋಡಿದ. ಆಗ ಅಬ್ಬಾ ನನ್ನ ಕಡೆ ತಿರುಗಿದರು.

"ರೇಡಿಯೋದಾಗೆ ಬಂದಿದ್ದು ಇವನಲ್ಲ ಅಂತ ಇವನೂ ಹೇಳೋದ್ ಬೇಡ, ನಾನೂ ಹೇಳೋದ್ ಬೇಡ. ಯಾರಾದ್ರೂ ಹೇಳ್ಳೇಬೇಕು ಅಂದ್ರೆ ನೀನ್ ಹೇಳಪ್ಪ. ನಿನ್ ಮಾತು ಯಾರೂ ನಂಬಲ್ಲ."